ಚಂದ್ರನ ಮುಂದೆ, ಚಂದ್ರನ ಬಳಿ

ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ತೆಗೆದ ಚಂದ್ರನ ವಿಡಿಯೊಗಳು ಈಗ ಮೊಬೈಲಿನಿಂದ ಮೊಬೈಲಿಗೆ ಧಾರಾಳವಾಗಿ ಹರಿದಾಡುತ್ತಿವೆ. ಬೆಳ್ಳನೆಯ ಬಿಂಬದ ಮೇಲೆ ಕಪ್ಪು ಚುಕ್ಕೆಯೊಂದು ಸರ್ರನೆ ಹಾದುಹೋಗುತ್ತದೆ. ಬಿಂಬದ ಅಂಚಿನಿಂದ ಏನೋ ಹೊರಟು ಕತ್ತಲಲ್ಲಿ ಕರಗುತ್ತದೆ. ಬಳೆಯಾಕಾರದ ಮಸುಕೊಂದು ಕುಳಿಗಳ ಮೇಲೆ ತೇಲುತ್ತದೆ. ಜೊತೆಗಿರುವ ಒಕ್ಕಣೆ ಹೆಚ್ಚುಕಡಿಮೆ ಒಂದೇ: ಚಂದ್ರನ ಬಳಿ ಅಪರಿಚಿತ ನೌಕೆಗಳು ಓಡಾಡುತ್ತಿವೆ, ಬಲ್ಲವರು ಬಾಯಿ ಬಿಡುತ್ತಿಲ್ಲ. ಇದನ್ನು ನಂಬುವವರನ್ನು ಮೂಢರೆಂದು ಬದಿಗೆ ಸರಿಸುವುದು ಸುಲಭ, ಆದರೆ ಅದು ಅನ್ಯಾಯ. ಈ ನಂಬಿಕೆಯ ಹಿಂದೆ ಒಂದು ವಾದವಿದೆ, ಮೊದಲ ನೋಟಕ್ಕೆ ಅದು ಗಟ್ಟಿಯಾಗಿಯೇ ಕಾಣುತ್ತದೆ. ಅದು ಎಲ್ಲಿ ಮುರಿಯುತ್ತದೆ ಎಂದು ಬೆರಳಿಟ್ಟು ತೋರಿಸದೆ ನಕ್ಕು ಸುಮ್ಮನಾದರೆ, ನಕ್ಕವರಿಗೂ ಉತ್ತರ ಗೊತ್ತಿಲ್ಲವೆಂದೇ ಜನ ತಿಳಿಯುತ್ತಾರೆ. ಹಾಗೆ ತಿಳಿದರೆ ಅದು ಅವರ ತಪ್ಪಲ್ಲ.

ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಹೀಗೆ ಹೇಳಬಹುದು. ಇವನ್ನು ತೆಗೆದವರು ಸ್ವಂತ ದುಡ್ಡಿನಲ್ಲಿ ದೂರದರ್ಶಕ ಕೊಂಡ ಹವ್ಯಾಸಿಗಳು. ಅವರಲ್ಲಿ ಬಹುತೇಕರಿಗೆ ಸುಳ್ಳು ಹೇಳಬೇಕಾದ ಕಾರಣವಿಲ್ಲ. ಬೇರೆ ಬೇರೆ ದೇಶಗಳ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಜನ ಒಂದೇ ಬಗೆಯ ವಸ್ತುಗಳನ್ನು ಕಂಡಿದ್ದಾರೆ. ಇದು ಇಂದು ನಿನ್ನೆಯದಲ್ಲ: 1787ರಲ್ಲಿ ವಿಲಿಯಂ ಹರ್ಷೆಲ್‌ನಂಥ ಮಹಾ ವೀಕ್ಷಕನೇ ಚಂದ್ರನ ಕತ್ತಲ ಭಾಗದಲ್ಲಿ ಹೊಳಪಿನ ಚುಕ್ಕೆಗಳನ್ನು ಕಂಡು ಜ್ವಾಲಾಮುಖಿಗಳೆಂದು ವರದಿ ಮಾಡಿದ್ದ. 1968ರಲ್ಲಿ ನಾಸಾ ಪ್ರಕಟಿಸಿದ ಪಟ್ಟಿಯೊಂದರಲ್ಲಿ 1540ರಿಂದ 1967ರವರೆಗಿನ ಇಂಥ 579 ವರದಿಗಳಿವೆ. ಕೊನೆಯದಾಗಿ, ಚಂದ್ರನಲ್ಲಿ ಗಾಳಿಯಿಲ್ಲ. ಹಕ್ಕಿ, ವಿಮಾನ, ಬಲೂನು ಅಲ್ಲಿ ಹಾರಲಾರವು. ಆದ್ದರಿಂದ ಅಲ್ಲಿ ಚಲಿಸುವುದೇನಿದ್ದರೂ ಅದು ಗಗನನೌಕೆಯೇ ಆಗಿರಬೇಕು.

ಈ ಕೊನೆಯ ವಾಕ್ಯದಲ್ಲಿರುವ ‘ಅಲ್ಲಿ’ ಎಂಬುದರ ಮೇಲೆಯೇ ಇಡೀ ವಾದ ನಿಂತಿದೆ. ವಸ್ತು ಅಲ್ಲಿದೆ ಎಂದು ಯಾರು ಹೇಳಿದರು? ವಿಡಿಯೊ ಹೇಳಿಲ್ಲ, ಹೇಳಲು ಅದಕ್ಕೆ ಸಾಧ್ಯವೂ ಇಲ್ಲ. ಒಂದು ದೂರದರ್ಶಕ ಕೊಡುವುದು ದಿಕ್ಕನ್ನು ಮಾತ್ರ. ಚಂದ್ರ ಇರುವ ದಿಕ್ಕಿನಲ್ಲಿ ಏನೋ ಇತ್ತು, ಬೆಳಕಿಗೆ ಅಡ್ಡ ಬಂತು ಅಥವಾ ತಾನೇ ಹೊಳೆಯಿತು ಎಂಬಷ್ಟೇ ಅದರ ಸಾಕ್ಷ್ಯ. ಮಸೂರದಿಂದ ಚಂದ್ರನವರೆಗಿನ ಸರಾಸರಿ 3,84,400 ಕಿ.ಮೀ. ಉದ್ದದ ಆ ಕಿರಿದಾದ ದಾರಿಯಲ್ಲಿ ವಸ್ತು ಎಲ್ಲಿ ಬೇಕಾದರೂ ಇರಬಹುದು: ನಮ್ಮ ಮನೆಯ ತಾರಸಿಯಿಂದ ನೂರು ಮೀಟರ್ ಮೇಲೆ, ವಿಮಾನಗಳ ಎತ್ತರದಲ್ಲಿ, ಉಪಗ್ರಹಗಳ ಕಕ್ಷೆಯಲ್ಲಿ, ಅಥವಾ ನಿಜಕ್ಕೂ ಚಂದ್ರನ ಹತ್ತಿರ. ಚಂದ್ರನ ಮುಂದೆ ಕಾಣುವುದು ಒಂದು, ಚಂದ್ರನ ಬಳಿ ಇರುವುದು ಇನ್ನೊಂದು. ಮೊದಲನೆಯದನ್ನು ಕಣ್ಣು ಕಾಣುತ್ತದೆ. ಎರಡನೆಯದನ್ನು ನಾವು ಊಹಿಸುತ್ತೇವೆ. ಊಹೆ ಎಷ್ಟು ಬೇಗ ನುಸುಳುತ್ತದೆಂದರೆ ಅದನ್ನೂ ಕಂಡೆವೆಂದೇ ಭಾವಿಸುತ್ತೇವೆ. ಚಂದ್ರನಲ್ಲಿ ಹಕ್ಕಿಯಿಲ್ಲ ಎಂಬ ಮಾತು ಸರಿ. ಆದರೆ ನಮಗೂ ಚಂದ್ರನಿಗೂ ನಡುವೆ ಹಕ್ಕಿಯಿಲ್ಲ ಎಂದು ಅದರಿಂದ ಹೊರಡುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಚಂದ್ರನ ವ್ಯಾಸ 3,474 ಕಿ.ಮೀ.; ನಮ್ಮ ಕಣ್ಣಿಗೆ ಅದು ಸುಮಾರು ಅರ್ಧ ಡಿಗ್ರಿ. ಒಂದು ಕಿಲೊಮೀಟರ್ ದೂರದಲ್ಲಿ ಆ ಅರ್ಧ ಡಿಗ್ರಿಯ ಅಗಲ ಬರೀ ಒಂಬತ್ತು ಮೀಟರ್. ಸೆಕೆಂಡಿಗೆ ಒಂಬತ್ತು ಮೀಟರ್ ಹಾರುವ ಸಾಧಾರಣ ಹಕ್ಕಿ ಆ ದೂರದಲ್ಲಿ ಬಿಂಬವನ್ನು ಒಂದು ಸೆಕೆಂಡಿನಲ್ಲಿ ದಾಟುತ್ತದೆ. ಅದರ ರೆಕ್ಕೆಯಗಲ ಒಂದು ಅಡಿ ಇದ್ದರೆ, ಚಂದ್ರನ ದೂರದಲ್ಲಿ ಅಷ್ಟೇ ದೊಡ್ಡದಾಗಿ ಕಾಣಬೇಕಾದ ವಸ್ತು ನೂರು ಕಿ.ಮೀ.ಗಿಂತ ಹೆಚ್ಚು ಅಗಲ ಇರಬೇಕಾಗುತ್ತದೆ, ಸೆಕೆಂಡಿಗೆ 3,474 ಕಿ.ಮೀ. ವೇಗದಲ್ಲಿ, ಅಂದರೆ ಬೆಳಕಿನ ವೇಗದ ನೂರರಲ್ಲೊಂದು ಪಾಲಿಗಿಂತಲೂ ಜೋರಾಗಿ, ಓಡಬೇಕಾಗುತ್ತದೆ. ವಿಡಿಯೊದ ದೃಶ್ಯ ಒಂದೇ. ದೂರವನ್ನು ಬದಲಿಸಿದರೆ ಹಕ್ಕಿ ದೈತ್ಯ ನೌಕೆಯಾಗುತ್ತದೆ. ‘ಇಷ್ಟು ದೊಡ್ಡ, ಇಷ್ಟು ವೇಗದ ವಸ್ತು ಮನುಷ್ಯ ನಿರ್ಮಿತ ಆಗಿರಲಾರದು’ ಎಂಬ ಅಚ್ಚರಿಯ ಮಾತು ಇಲ್ಲಿಂದ ಹುಟ್ಟುತ್ತದೆ. ಆ ಗಾತ್ರ, ಆ ವೇಗಗಳನ್ನು ಯಾರೂ ಅಳೆದಿಲ್ಲ. ವಸ್ತು ಚಂದ್ರನ ಬಳಿ ಇದೆ ಎಂದು ಮೊದಲೇ ಒಪ್ಪಿಕೊಂಡದ್ದರಿಂದ ಅವು ಬಂದವು. ಸಾಧಿಸಬೇಕಾದ್ದನ್ನೇ ಹೇತುವಾಗಿ ಮುಂದಿಡುವ ಇಂಥ ವಾದವನ್ನು ನಮ್ಮ ನೈಯಾಯಿಕರು ಸಾಧ್ಯಸಮವೆಂದು ಹೆಸರಿಟ್ಟು ಹೇತ್ವಾಭಾಸಗಳ ಪಟ್ಟಿಗೆ ಸೇರಿಸಿದ್ದರು.

ನಿಜವಾಗಿ ಚಂದ್ರನನ್ನು ಸುತ್ತುವ ನೌಕೆ ಹೇಗೆ ಕಂಡೀತು ಎಂದೂ ಕೇಳಬೇಕು. ಚಂದ್ರನ ಮೇಲ್ಮೈಗೆ ನೂರು ಕಿ.ಮೀ. ಮೇಲಿನ ಕಕ್ಷೆಯಲ್ಲಿ ವೇಗ ಸೆಕೆಂಡಿಗೆ ಸುಮಾರು 1.6 ಕಿ.ಮೀ.; ಬಿಂಬದ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಲು ಹತ್ತಿರಹತ್ತಿರ ಒಂದು ತಾಸು ಹಿಡಿಯುತ್ತದೆ. ನಮ್ಮ ವಾತಾವರಣದ ಕಲಕಾಟ ಸಾಮಾನ್ಯ ರಾತ್ರಿಗಳಲ್ಲಿ ಒಂದೆರಡು ಚಾಪ ಸೆಕೆಂಡಿಗಿಂತ (ಇದು ಕೋನದ ಬಹು ಸಣ್ಣ ಅಳತೆ) ಸಣ್ಣ ವಿವರವನ್ನು ಅಳಿಸಿಹಾಕುತ್ತದೆ. ಚಂದ್ರನ ಮೇಲೆ ಒಂದು ಚಾಪ ಸೆಕೆಂಡ್ ಅಂದರೆ ಸುಮಾರು 1.9 ಕಿ.ಮೀ. ನೂರು ಮೀಟರಿಗೂ ಹೆಚ್ಚು ಅಗಲವಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನೇ ಒಯ್ದು ಚಂದ್ರನ ಪಕ್ಕದಲ್ಲಿ ಇಟ್ಟರೂ ತಾರಸಿಯ ದೂರದರ್ಶಕಕ್ಕೆ ಅದರ ಆಕಾರ ಸಿಗದು. ಅಂದರೆ ಚಂದ್ರನ ಬಳಿಯ ನೌಕೆ ನಿಧಾನವಾಗಿ ಚಲಿಸಬೇಕು, ಕಾಣದಷ್ಟು ಚಿಕ್ಕದಾಗಿರಬೇಕು. ಸರ್ರನೆ ಹೋಗುವುದು, ದಪ್ಪಗೆ ಕಾಣುವುದು ಹತ್ತಿರದ ವಸ್ತುವಿನ ಲಕ್ಷಣ. ಹತ್ತು ಕಿ.ಮೀ. ದೂರದಲ್ಲಿರುವ ಅರುವತ್ತು ಮೀಟರ್ ಅಗಲದ ವಿಮಾನ ಬಿಂಬದ ಮೂರರಲ್ಲೆರಡು ಭಾಗವನ್ನು ಮುಚ್ಚುತ್ತದೆ. ಬಾಹ್ಯಾಕಾಶ ನಿಲ್ದಾಣ ನೆತ್ತಿಯ ಮೇಲಿದ್ದಾಗ ಅರ್ಧ ಸೆಕೆಂಡಿನಲ್ಲಿ ಬಿಂಬ ದಾಟುತ್ತದೆ.

ದೂರದ ಬಗ್ಗೆ ವಿಡಿಯೊದೊಳಗೇ ಒಂದು ಸುಳಿವು ಅಡಗಿರುತ್ತದೆ. ಅದನ್ನು ಓದುವವರು ಕಡಿಮೆ. ದೂರದರ್ಶಕವನ್ನು ಚಂದ್ರನಿಗೆ ಫೋಕಸ್ ಮಾಡಿದ್ದಾಗ ಹತ್ತಿರದ ವಸ್ತು ಮಸುಕಾಗುತ್ತದೆ. ಎಷ್ಟು ಮಸುಕು ಎಂಬುದಕ್ಕೆ ಸರಳ ನಿಯಮವಿದೆ: ವಸ್ತು ಇರುವ ಜಾಗದಲ್ಲಿ ಮಸುಕಿನ ಅಗಲ ದೂರದರ್ಶಕದ ಬಾಯಿಯಷ್ಟೇ. ಎಂಟು ಅಂಗುಲದ ದೂರದರ್ಶಕವಾದರೆ ಇಪ್ಪತ್ತು ಸೆಂಟಿಮೀಟರ್. ನೂರು ಮೀಟರ್ ಮೇಲೆ ಹಾರುವ ಪತಂಗ ಇಪ್ಪತ್ತು ಸೆಂಟಿಮೀಟರ್ ಅಗಲದ ಮಬ್ಬು ತಟ್ಟೆಯಾಗುತ್ತದೆ. ಕನ್ನಡಿಯ ದೂರದರ್ಶಕಗಳಲ್ಲಿ ಬಾಯಿಯ ನಡುವೆ ಚಿಕ್ಕ ಕನ್ನಡಿಯೊಂದು ಅಡ್ಡ ಇರುವುದರಿಂದ ಆ ತಟ್ಟೆಯ ನಡುವೆ ತೂತು ಕಾಣಿಸುತ್ತದೆ. ವಿಡಿಯೊಗಳ ಪ್ರಸಿದ್ಧ ‘ಬಳೆ ನೌಕೆ’ಗಳಲ್ಲಿ ಎಷ್ಟೋ ಇದೇ. ಬಳೆಯ ಆಕಾರ ದೂರದರ್ಶಕದ್ದು, ವಸ್ತುವಿನದಲ್ಲ. ಒಂದು ಕಿ.ಮೀ. ದೂರದ ಹಕ್ಕಿಗೆ ಮಸುಕು ಸುಮಾರು ನಲವತ್ತು ಚಾಪ ಸೆಕೆಂಡ್, ಹತ್ತು ಕಿ.ಮೀ. ದೂರದ ವಿಮಾನಕ್ಕೆ ನಾಲ್ಕು, ನಾನೂರು ಕಿ.ಮೀ. ದೂರದ ಉಪಗ್ರಹಕ್ಕೆ ಲೆಕ್ಕಕ್ಕೆ ಬಾರದಷ್ಟು. ಕುಳಿಗಳ ಅಂಚು ಚೂಪಾಗಿದ್ದು ಹಾದುಹೋಗುವ ವಸ್ತು ಮಾತ್ರ ಮಬ್ಬಾಗಿದ್ದರೆ ಅದು ನಮ್ಮ ಗಾಳಿಯಲ್ಲೇ ಇದೆ. ಆದರೆ ಈ ಸುಳಿವು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಮರೆಯಬಾರದು. ಚೂಪಾಗಿ ಕಂಡಿತು ಎಂದಮಾತ್ರಕ್ಕೆ ಅದು ಚಂದ್ರನ ಬಳಿ ಇದೆ ಎಂದಾಗದು; ಉಪಗ್ರಹವೂ ಚೂಪಾಗಿಯೇ ಕಾಣುತ್ತದೆ.

ಉಪಕರಣದೊಳಗೇ ಅಥವಾ ವಾತಾವರಣದಿಂದ ಹುಟ್ಟುವ ‘ವಸ್ತು’ಗಳದು ಬೇರೆ ಕತೆ. ಅವನ್ನು ಬೇರ್ಪಡಿಸುವುದು ಕಷ್ಟವಲ್ಲ:

1. ಸೆನ್ಸರಿನ ಮೇಲಿನ ಧೂಳಿನ ಕಣ ಚೌಕಟ್ಟಿಗೆ ಅಂಟಿಕೊಂಡಿರುತ್ತದೆ. ಚಂದ್ರ ಜರುಗಿದರೂ ಅದು ಜರುಗುವುದಿಲ್ಲ; ನೋಡುವವರಿಗೆ ಅದೇ ಚಂದ್ರನ ಮೇಲೆ ತೇಲಿದಂತೆ ಕಾಣುತ್ತದೆ.

2. ಮಸೂರಗಳ ನಡುವಿನ ಪ್ರತಿಫಲನದಿಂದ ಮೂಡುವ ಭೂತಬಿಂಬ, ದೂರದರ್ಶಕವನ್ನು ತುಸು ಅಲುಗಿಸಿದರೆ, ಎಷ್ಟೋ ವೇಳೆ ಚಂದ್ರನ ಎದುರು ದಿಕ್ಕಿಗೆ ಸರಿಯುತ್ತದೆ.

3. ಒಂದೇ ಫ್ರೇಮಿನಲ್ಲಿ ಮಿನುಗಿ ಮಾಯವಾಗುವ ಚುಕ್ಕೆ ಕಾಸ್ಮಿಕ್ ಕಿರಣ ಸೆನ್ಸರಿಗೆ ಬಡಿದ ಗುರುತಿರಬಹುದು.

4. ಬಿಂಬದ ಅಂಚು ಕುದಿಯುವಂತೆ ಕಾಣುವುದು, ಅಂಚಿನಿಂದ ತುಣುಕು ಕಿತ್ತು ಬಂದಂತೆ ತೋರುವುದು ವಾತಾವರಣದ ಕೆಲಸ. ಮೊಬೈಲಿಗಾಗಿ ವಿಡಿಯೊ ಕುಗ್ಗಿಸುವಾಗ ಇದು ಇನ್ನಷ್ಟು ಕೆಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಎಲ್ಲ ವಿಡಿಯೊಗಳೂ ಹಕ್ಕಿ, ಧೂಳು, ಉಪಗ್ರಹ ಎಂದು ನಾನು ಸಾಧಿಸಿದಂತಾಗಲಿಲ್ಲ. ಸಾಧಿಸುವ ಅಗತ್ಯವೂ ಇಲ್ಲ. ನನ್ನ ಮಾತು ಇಷ್ಟೇ: ಒಂದು ಜಾಗದಿಂದ ತೆಗೆದ ಒಂದು ವಿಡಿಯೊ ಈ ಪ್ರಶ್ನೆಯನ್ನು ತೀರ್ಮಾನಿಸಲಾರದು, ಎರಡು ಜಾಗದಿಂದ ತೆಗೆದವು ತೀರ್ಮಾನಿಸಬಲ್ಲವು. ನೋಡುವ ಜಾಗ ಬದಲಾದರೆ ಹತ್ತಿರದ ವಸ್ತು ಹಿನ್ನೆಲೆಯ ಎದುರು ಸರಿದಂತೆ ಕಾಣುವುದನ್ನು ನಮ್ಮ ಸಿದ್ಧಾಂತ ಗ್ರಂಥಗಳು ಲಂಬನವೆಂದು ಕರೆದು, ಸೂರ್ಯಗ್ರಹಣದ ಗಣಿತದಲ್ಲಿ ಶತಮಾನಗಳ ಕಾಲ ಬಳಸಿದವು. ಒಂದು ಊರಿಗೆ ಕಂಡ ಸೂರ್ಯಗ್ರಹಣ ಇನ್ನೊಂದು ಊರಿಗೆ ಕಾಣದಿರುವುದು ಚಂದ್ರ ಸೂರ್ಯನಿಗಿಂತ ನಮಗೆ ಹತ್ತಿರ ಇರುವುದರಿಂದಲೇ. ಬೆಂಗಳೂರು ಮತ್ತು ಮೈಸೂರುಗಳ ನೇರ ಅಂತರ ಸುಮಾರು 125 ಕಿ.ಮೀ. ಎರಡೂ ಕಡೆ ಒಂದೇ ಕ್ಷಣ ಚಂದ್ರನನ್ನು ಚಿತ್ರೀಕರಿಸಿದರೆ, ಚಂದ್ರನ ಮೇಲ್ಮೈಗೆ ಸಾವಿರ ಕಿ.ಮೀ. ಎತ್ತರದಲ್ಲಿರುವ ವಸ್ತುವೂ ಎರಡರಲ್ಲೂ ಅದೇ ಕುಳಿಯ ಮೇಲೆಯೇ ಕಾಣುತ್ತದೆ. ವ್ಯತ್ಯಾಸ ಅಳೆಯಲಾಗದಷ್ಟು ಸಣ್ಣದು. ಭೂಮಿಯಿಂದ 36,000 ಕಿ.ಮೀ. ದೂರದ ಉಪಗ್ರಹವಾದರೆ ಬಿಂಬದ ಮೂರನೇ ಒಂದರಷ್ಟು ಪಕ್ಕಕ್ಕೆ ಸರಿದಿರುತ್ತದೆ. ನಾನೂರು ಕಿ.ಮೀ. ಮೇಲಿನದಾದರೆ ಬೆಂಗಳೂರಿಗೆ ಚಂದ್ರನ ಮೇಲಿದ್ದದ್ದು ಮೈಸೂರಿಗೆ ಆಕಾಶದ ಬೇರೆಯೇ ಮೂಲೆಯಲ್ಲಿರುತ್ತದೆ. ಹಕ್ಕಿಯ ಮಾತು ಬೇಡವೇ ಬೇಡ. ಹಾಗೆಂದರೆ ಚಂದ್ರನ ಬಳಿ ನಿಜವಾಗಿ ಇರುವ, ಕಣ್ಣಿಗೆ ಕಾಣುವಷ್ಟು ದೊಡ್ಡ ವಸ್ತು ಒಬ್ಬರ ಖಾಸಗಿ ದೃಶ್ಯವಾಗಿರಲು ಸಾಧ್ಯವಿಲ್ಲ. ಆ ಗಳಿಗೆಯಲ್ಲಿ ಚಂದ್ರ ಮೂಡಿರುವ ಅರ್ಧ ಭೂಗೋಳಕ್ಕೆ ಅದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕಾಣಬೇಕು.

ಈ ಪರೀಕ್ಷೆ ಎಷ್ಟು ಬೆಲೆಯುಳ್ಳದ್ದು ಎಂಬುದಕ್ಕೆ ಚಂದ್ರನ ಮಿಂಚುಗಳ ಇತಿಹಾಸ ನೋಡಿ. 1953ರ ನವೆಂಬರ್ 15ರಂದು ಅಮೆರಿಕದ ತುಲ್ಸಾ ಊರಿನ ವೈದ್ಯ, ಹವ್ಯಾಸಿ ವೀಕ್ಷಕ ಲಿಯಾನ್ ಸ್ಟುವರ್ಟ್ ಚಂದ್ರನ ಮೇಲೆ ಒಂದು ಮಿಂಚನ್ನು ಕಂಡು ಫೋಟೊ ತೆಗೆದರು. ಅದು ಉಲ್ಕೆ ಬಡಿದದ್ದೋ, ನಮ್ಮ ವಾತಾವರಣದಲ್ಲೇ ನೇರವಾಗಿ ಎದುರು ಬಂದ ಉಲ್ಕೆಯೋ ಎಂಬ ಜಗಳ ಅರ್ಧ ಶತಮಾನ ನಡೆಯಿತು. 2003ರಲ್ಲಿ ಆ ಘಟನೆಯ ಕುಳಿ ಸಿಕ್ಕಿತೆಂದು ವಿಜ್ಞಾನಿಗಳೇ ಹೇಳಿದರು; ಬಳಿಕ ಆ ಕುಳಿ 1953ಕ್ಕೂ ಹಿಂದಿನ ಫೋಟೊಗಳಲ್ಲೇ ಇದೆ ಎಂದು ತಿಳಿಯಿತು. ಒಳ್ಳೆಯ ವೀಕ್ಷಕ, ಪ್ರಾಮಾಣಿಕ ಫೋಟೊ. ಆದರೂ ಒಂದೇ ಜಾಗ, ಹಾಗಾಗಿ ಪ್ರಶ್ನೆ ಬಗೆಹರಿಯಲಿಲ್ಲ. ಇದಕ್ಕೆ ಎದುರಾಗಿ 1999ರ ನವೆಂಬರ್ 18, ಲಿಯೊನಿಡ್ ಉಲ್ಕಾವೃಷ್ಟಿಯ ರಾತ್ರಿ. ಟೆಕ್ಸಾಸಿನಲ್ಲಿ ಬ್ರಯಾನ್ ಕಡ್ನಿಕ್ ಎಂಬ ಹವ್ಯಾಸಿ ಚಂದ್ರನ ಕತ್ತಲ ಭಾಗದಲ್ಲಿ ಕ್ಷಣಮಾತ್ರದ ಮಿಂಚು ಕಂಡರು. ಬಹು ದೂರದ ಮೇರಿಲ್ಯಾಂಡಿನಲ್ಲಿ ಡೇವಿಡ್ ಡನ್‌ಹ್ಯಾಮ್ ತೆಗೆದಿದ್ದ ವಿಡಿಯೊದಲ್ಲಿ ಅದೇ ಕ್ಷಣ, ಅದೇ ಜಾಗದಲ್ಲಿ ಅದೇ ಮಿಂಚು ಇತ್ತು. ಉಲ್ಕೆಗಳು ಚಂದ್ರನಿಗೆ ಬಡಿದಾಗ ಭೂಮಿಯಿಂದ ಮಿಂಚು ಕಾಣುತ್ತದೆ ಎಂಬುದು ಅಲ್ಲಿಗೆ ಸ್ಥಿರವಾಯಿತು. ಬಳಿಕ ನಾಸಾ ಇಂಥ ಮಿಂಚುಗಳನ್ನು ಕನಿಷ್ಠ ಎರಡು ದೂರದರ್ಶಕಗಳಿಂದ ಕಾಯತೊಡಗಿತು. ಒಂದರಲ್ಲಿ ಮಾತ್ರ ಕಂಡದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 2013ರ ಮಾರ್ಚ್ 17ರಂದು ದಾಖಲಾದ ಪ್ರಖರ ಮಿಂಚಿನ ಜಾಗದಲ್ಲಿ 18 ಮೀಟರ್ ಅಗಲದ ಹೊಸ ಕುಳಿಯನ್ನು ಚಂದ್ರನ ಕಕ್ಷೆಯಲ್ಲಿರುವ ಎಲ್‌ಆರ್‌ಒ ನೌಕೆ ಪತ್ತೆಹಚ್ಚಿತು. ಚಂದ್ರನ ಮೇಲೆ ವಿಚಿತ್ರವಾದದ್ದು ನಡೆಯುವುದೇ ಇಲ್ಲ ಎಂದು ವಿಜ್ಞಾನ ಹೇಳುತ್ತಿಲ್ಲ. ಈ ವಿಚಿತ್ರವನ್ನು ಅದು ಒಪ್ಪಿಕೊಂಡದ್ದೇ ಹವ್ಯಾಸಿಗಳು ಎರಡು ಕಡೆಯಿಂದ ಕೊಟ್ಟ ಸಾಕ್ಷ್ಯದ ಮೇಲೆ.

ಇಲ್ಲಿ ನನ್ನ ವಾದಕ್ಕೇ ತೊಡಕಾಗುವ ಪ್ರಸಂಗವೊಂದಿದೆ. ಅದೇ 1953ರ ಜುಲೈನಲ್ಲಿ ನ್ಯೂಯಾರ್ಕಿನ ವಿಜ್ಞಾನ ಪತ್ರಕರ್ತ ಜಾನ್ ಓನೀಲ್, ಮೇರ್ ಕ್ರಿಸಿಯಂ ಎಂಬ ಬಯಲಿನ ಅಂಚಿನಲ್ಲಿ ಮೈಲುಗಟ್ಟಲೆ ಉದ್ದದ ಸೇತುವೆಯನ್ನು ಕಂಡೆನೆಂದು ಹೇಳಿದರು. ಕೆಲವೇ ವಾರಗಳಲ್ಲಿ ಬ್ರಿಟನ್ನಿನ ಹೆಸರಾಂತ ಚಂದ್ರ ನಕಾಶೆಗಾರ ಎಚ್. ಪಿ. ವಿಲ್ಕಿನ್ಸ್ ತಾನೂ ಕಂಡೆನೆಂದರು. ಎರಡು ದೇಶ, ಇಬ್ಬರು ಅನುಭವಿಗಳು; ಆದರೂ ಸೇತುವೆ ಇರಲಿಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ಎರಡು ದಿಬ್ಬಗಳ ನಡುವೆ ನೆರಳು ಬೆಳಕು ಹೆಣೆದ ರೂಪ ಅದು. ಹಾಗಾದರೆ ಎರಡು ಜಾಗದ ಪರೀಕ್ಷೆ ಸೋತಿತೇ? ಸೋಲಲಿಲ್ಲ. ಅದು ಎಲ್ಲಿದೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಆ ನೆರಳು ಚಂದ್ರನ ಮೇಲೆಯೇ ಇತ್ತು. ಏನದು ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಪರೀಕ್ಷೆ ಬೇಕು: ಬಿಸಿಲಿನ ಕೋನ ಬದಲಾದ ಮೇಲೆ ಮತ್ತೆ ನೋಡುವುದು. ನೌಕೆಯ ವಾದ ಈ ಎರಡೂ ಪ್ರಶ್ನೆಗಳನ್ನು ಒಂದೇ ಉಸಿರಿಗೆ ನುಂಗಿಬಿಡುತ್ತದೆ. ಎಲ್ಲಿದೆ ಎಂದು ತಿಳಿಯುವ ಮೊದಲೇ ಏನೆಂದು ಹೇಳಿ ಮುಗಿಸುತ್ತದೆ.

ವಿಜ್ಞಾನಿಗಳು ಹಿಂದೆಯೂ ಹೀಗೇ ತಳ್ಳಿಹಾಕಿ ತಪ್ಪಿದ್ದಾರಲ್ಲ ಎಂಬ ಆಕ್ಷೇಪ ತೂಕದ್ದು. ಆಕಾಶದಿಂದ ಕಲ್ಲು ಬೀಳುತ್ತದೆ ಎಂದ ಹಳ್ಳಿಗರನ್ನು ಹದಿನೆಂಟನೇ ಶತಮಾನದ ಪಂಡಿತರು ನಂಬಲಿಲ್ಲ, ಹಳ್ಳಿಗರೇ ಸರಿಯಾಗಿದ್ದರು. ಆದರೆ ಆ ತಪ್ಪು ತಿದ್ದಿದ ಬಗೆಯನ್ನೂ ನೋಡಬೇಕು. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗ್ಲ್ ಸುತ್ತ ಸಾವಿರಾರು ಕಲ್ಲುಗಳು ಬಿದ್ದವು. ಸರ್ಕಾರ ಕಳಿಸಿದ ಯುವ ವಿಜ್ಞಾನಿ ಬಿಯೊ ಊರಿಂದೂರಿಗೆ ಹೋಗಿ ಬೇರೆ ಬೇರೆ ಜನರ ಹೇಳಿಕೆ ತೆಗೆದುಕೊಂಡ, ಕಲ್ಲುಗಳು ಎಲ್ಲೆಲ್ಲಿ ಬಿದ್ದಿವೆ ಎಂದು ಗುರುತಿಸಿದ, ಎಲ್ಲವನ್ನೂ ಹೊಂದಿಸಿ ನೋಡಿದ. ಪಂಡಿತರ ಮನಸ್ಸು ತಿರುಗಿಸಿದ್ದು ಹಲವು ಕಡೆಯ ಸಾಕ್ಷ್ಯ ಒಂದಕ್ಕೊಂದು ಕೂಡಿಬಂದದ್ದು. ಈ ಉದಾಹರಣೆಯನ್ನು ಎತ್ತುವವರು ಬಿಯೊ ಮಾಡಿದ ಕೆಲಸವನ್ನೂ ಮಾಡಬೇಕಾಗುತ್ತದೆ.

ಮುಚ್ಚಿಡಲಾಗುತ್ತಿದೆ ಎಂಬ ಮಾತಿಗೆ ಹೆಚ್ಚು ಜಾಗ ಬೇಕಿಲ್ಲ. ಚಂದ್ರನ ಸುತ್ತ ಇರುವುದರ ಲೆಕ್ಕ ಇಡಲೇಬೇಕಾದ ಸ್ಥಿತಿ ಈಗ ಬಂದಿದೆ. 2021ರ ಅಕ್ಟೋಬರ್‌ನಲ್ಲಿ ನಮ್ಮ ಚಂದ್ರಯಾನ-2 ಆರ್ಬಿಟರ್ ಮತ್ತು ನಾಸಾದ ಎಲ್‌ಆರ್‌ಒ ಚಂದ್ರನ ಉತ್ತರ ಧ್ರುವದ ಬಳಿ ಅಪಾಯಕರವಾಗಿ ಹತ್ತಿರ ಬರಲಿವೆ ಎಂದು ಲೆಕ್ಕ ಸಿಕ್ಕಿತು. ಅಕ್ಟೋಬರ್ 18ರಂದು ಇಸ್ರೊ ತನ್ನ ನೌಕೆಯ ಕಕ್ಷೆಯನ್ನು ಬದಲಿಸಿತು, ಬಳಿಕ ಅದನ್ನು ತಾನೇ ಪ್ರಕಟಿಸಿತು. 2024ರ ಮಾರ್ಚ್‌ನಲ್ಲಿ ಎಲ್‌ಆರ್‌ಒ ತೆಗೆದ ಚಿತ್ರವೊಂದರಲ್ಲಿ ಚಂದ್ರನ ನೆಲದ ಮೇಲೆ ಉದ್ದನೆಯ, ತೆಳ್ಳನೆಯ ಹಲಗೆಯಂಥ ವಸ್ತು ಹಾರುತ್ತಿದೆ. ನೋಡಲು ಯಾವ ವಿಡಿಯೊಗಿಂತಲೂ ವಿಚಿತ್ರ. ಅದು ದಕ್ಷಿಣ ಕೊರಿಯಾದ ದನೂರಿ ನೌಕೆ. ಎರಡೂ ಗಂಟೆಗೆ ಸುಮಾರು 11,500 ಕಿ.ಮೀ. ಸಾಪೇಕ್ಷ ವೇಗದಲ್ಲಿ ಎದುರುಬದುರಾಗಿ ದಾಟಿದ್ದರಿಂದ ಅದರ ರೂಪ ಹತ್ತು ಪಟ್ಟು ಎಳೆದುಕೊಂಡು ಬಂದಿತ್ತು. ಚಂದ್ರನ ಬಳಿ ನಿಜವಾಗಿ ಇದ್ದ ವಸ್ತುವನ್ನು ಚಂದ್ರನ ಬಳಿಯಿಂದಲೇ ತೆಗೆದ ಈ ಚಿತ್ರವನ್ನು ಯಾರೂ ಬಚ್ಚಿಡಲಿಲ್ಲ. 2022ರ ಮಾರ್ಚ್ 4ರಂದು ಚಂದ್ರನ ಹಿಮ್ಮೈಗೆ ಅಪ್ಪಳಿಸಿದ ರಾಕೆಟ್ ತುಣುಕಿನ ಬರುವಿಕೆಯನ್ನು ವಾರಗಟ್ಟಲೆ ಮೊದಲೇ ಲೆಕ್ಕ ಹಾಕಿದ್ದು ಸರ್ಕಾರವಲ್ಲ, ಸ್ವತಂತ್ರವಾಗಿ ಖಗೋಳ ಲೆಕ್ಕಾಚಾರ ಮಾಡುವ ಬಿಲ್ ಗ್ರೇ. ಅದು ಅಮೆರಿಕದ ಫಾಲ್ಕನ್-9 ರಾಕೆಟಿನದೆಂದು ಮೊದಲು ಹೇಳಿದ ಅವರು, ಚೀನಾದ ರಾಕೆಟಿನದೆಂದು ಬಹಿರಂಗವಾಗಿಯೇ ತಿದ್ದಿಕೊಂಡರು. ಚೀನಾ ಒಪ್ಪಲಿಲ್ಲ. ತುಣುಕು ಬಿದ್ದಲ್ಲಿ ಯಾರೂ ನಿರೀಕ್ಷಿಸದ ಜೋಡಿ ಕುಳಿ ಮೂಡಿತ್ತು. ನಾಸಾ ಅದರ ಚಿತ್ರವನ್ನೂ ಪ್ರಕಟಿಸಿತು.

ಉಳಿಯುವುದು ಸಂಖ್ಯೆಯ ವಾದ: ಇಷ್ಟೊಂದು ಜನ, ಇಷ್ಟೊಂದು ವಿಡಿಯೊ, ಒಂದಾದರೂ ನಿಜವಿರಬೇಡವೇ? ಸಾಕ್ಷ್ಯಗಳು ಒಂದಕ್ಕೊಂದು ಬಲ ಕೊಡುವುದು ಅವುಗಳ ಕುಂದು ಬೇರೆ ಬೇರೆಯಾಗಿದ್ದಾಗ. ಇಲ್ಲಿ ಎಲ್ಲದರ ಕುಂದೂ ಒಂದೇ, ಯಾವುದರಲ್ಲೂ ದೂರದ ಅಳತೆಯಿಲ್ಲ. ಸಾವಿರ ವಿಡಿಯೊ ಕೂಡಿಸಿದರೂ ಆ ಅಳತೆ ಹುಟ್ಟುವುದಿಲ್ಲ. ಬಿಂಬದ ಮುಂದೆ ಹಾಯುವ ವಸ್ತುಗಳು ಅಪರೂಪವೂ ಅಲ್ಲ. ಅಮೆರಿಕದ ಪಕ್ಷಿವಿಜ್ಞಾನಿ ಜಾರ್ಜ್ ಲೋವರಿ ರಾತ್ರಿ ವಲಸೆ ಹೋಗುವ ಹಕ್ಕಿಗಳನ್ನು ಎಣಿಸಲು ದೂರದರ್ಶಕವನ್ನು ಚಂದ್ರನತ್ತ ತಿರುಗಿಸುವ ವಿಧಾನವನ್ನೇ ಬೆಳೆಸಿದರು. 1952ರ ಅಕ್ಟೋಬರ್‌ನ ನಾಲ್ಕು ರಾತ್ರಿ ಸಾವಿರಕ್ಕೂ ಹೆಚ್ಚು ಜನ ದೇಶದುದ್ದಕ್ಕೂ ಕೂತು ಚಂದ್ರನ ಮುಂದೆ ಹಾದ ಹಕ್ಕಿಗಳನ್ನು ಎಣಿಸಿದರು. ಅವರಿಗೆ ಎದುರಾದ ದೊಡ್ಡ ತೊಡಕು ಕಂಡ ಹಕ್ಕಿ ಎಷ್ಟು ಎತ್ತರದಲ್ಲಿದೆ ಎಂಬುದೇ. ಕಂಡದ್ದು ಹಕ್ಕಿಯೆಂದು ಗೊತ್ತಿದ್ದವರಿಗೇ ಒಂದು ದೂರದರ್ಶಕದಿಂದ ದೂರ ಸಿಗಲಿಲ್ಲ. ವಿವರಣೆ ಸಿಗದೆ ಉಳಿಯುವ ವಿಡಿಯೊಗಳು ಖಂಡಿತ ಇರುತ್ತವೆ. ಅವು ದಾಖಲೆ ಸಾಲದ ವಿಡಿಯೊಗಳು, ಅಷ್ಟೇ.

ದೂರದರ್ಶಕ ಇರುವ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ಚಿತ್ರೀಕರಣದಲ್ಲಿ ಇಂಥದ್ದೇನಾದರೂ ಸಿಕ್ಕರೆ ಅಳಿಸಬೇಡಿ, ಕುಗ್ಗಿಸಬೇಡಿ, ಸಂಗೀತ ಸೇರಿಸಬೇಡಿ. ಮೂಲ ಕಡತವನ್ನು ಹಾಗೇ ಇಡಿ. ಊರು, ತಾರೀಕು, ಸೆಕೆಂಡಿನವರೆಗಿನ ಸಮಯ, ದೂರದರ್ಶಕದ ಬಾಯಿಯ ಅಳತೆ ಬರೆದಿಡಿ. ಅದಕ್ಕಿಂತ ಮೊದಲು, ಐವತ್ತು ನೂರು ಕಿ.ಮೀ. ಆಚೆಯ ಊರಿನಲ್ಲಿ ಚಂದ್ರನನ್ನು ನೋಡುವ ಇನ್ನೊಬ್ಬರನ್ನು ಹುಡುಕಿಕೊಳ್ಳಿ. ಇಬ್ಬರೂ ಗಡಿಯಾರ ಸರಿಹೊಂದಿಸಿಕೊಂಡು ಒಂದೇ ಹೊತ್ತಿನಲ್ಲಿ ಚಿತ್ರೀಕರಿಸಿ. ಇಬ್ಬರ ವಿಡಿಯೊದಲ್ಲೂ ಒಂದೇ ಕ್ಷಣ, ಒಂದೇ ಕುಳಿಯ ಮೇಲೆ ಅದೇ ವಸ್ತು ಕಂಡರೆ ಜಗತ್ತಿಗೆ ತಿಳಿಸಿ. ಆಗ ಅದನ್ನು ತಳ್ಳಿಹಾಕುವ ಹಕ್ಕು ಯಾವ ವಿಜ್ಞಾನಿಗೂ ಇರುವುದಿಲ್ಲ.